ಶೇಕಡಾ ಎಷ್ಟು ಅನ್ನುವ ಮೊದಲು ಎಷ್ಟಕ್ಕೆ ಅಂತ ಕೇಳಿ

ಇದು ಬೆಳೆಯ ವಿಷಯ ಅಲ್ಲ. ಆದರೂ ನಮ್ಮ ಪತ್ರಿಕೆಗೇ ಬರೆಯಬೇಕು ಅನ್ನಿಸಿತು. ಯಾಕೆಂದರೆ ಇದರಲ್ಲಿ ತಪ್ಪು ಮಾಡಿದವನು ಒಬ್ಬ ಕೃಷಿಕನೇ. ಬೇರೆ ಯಾರೂ ಅಲ್ಲ, ನಾನು.

2023ರ ಮೇ ತಿಂಗಳು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು ಕೆಲವು ದಿನ ಕಳೆದಿತ್ತು. ನಾನು ಅಂಗಳದಲ್ಲಿ ಅಡಿಕೆ ಹೆಕ್ಕುತ್ತಾ ಕೂತಿದ್ದೆ. ಆಚೆಮನೆಯ ಹುಡುಗಿ ಅಂಕಪಟ್ಟಿಯ ಪ್ರಿಂಟ್ ಹಿಡಿದುಕೊಂಡು ಬಂದಳು. "ಮಾವ, ಇದು ಎಷ್ಟು ಪರ್ಸೆಂಟ್ ಆಗ್ತದೆ ನೋಡಿ. ಸೊಸೈಟಿಯ ಫಾರಂ ತುಂಬಿಸ್ಲಿಕ್ಕುಂಟು" ಅಂದಳು. ಅಡಿಕೆ ಲೆಕ್ಕದ ಕ್ಯಾಲ್ಕುಲೇಟರ್ ಪಕ್ಕದಲ್ಲೇ ಇತ್ತು. ಕನ್ನಡ 118, ಇಂಗ್ಲಿಷ್ 84, ಹಿಂದಿ 92, ಗಣಿತ 71, ವಿಜ್ಞಾನ 76, ಸಮಾಜ 88. ಒಟ್ಟು 529. ಆರು ಸಬ್ಜೆಕ್ಟು ಅಂದರೆ ಆರು ನೂರು ಅಂತ ನನ್ನ ತಲೆಯಲ್ಲಿ. ಭಾಗಿಸಿದೆ. "88.17 ಬರ್ಕೋ ಮಗಾ" ಅಂದೆ. ಕನ್ನಡದಲ್ಲಿ 118 ಅಂತ ನಾನೇ ಬಾಯಿಬಿಟ್ಟು ಓದಿದವನು. ನೂರಕ್ಕೆ ನೂರಹದಿನೆಂಟು ಬರುವುದು ಹೇಗೆ ಅಂತ ಆ ಹೊತ್ತಿಗೆ ಹೊಳೆಯಲೇ ಇಲ್ಲ.

ನಮ್ಮ ಸೊಸೈಟಿಯಲ್ಲಿ ಸದಸ್ಯರ ಮಕ್ಕಳಿಗೆ ಮಹಾಸಭೆಯ ದಿನ ಪುರಸ್ಕಾರ ಕೊಡುವ ಪದ್ಧತಿ ಇದೆ. ಶೇಕಡಾ 85 ಮತ್ತು ಮೇಲೆ ಬಂದವರಿಗೆ. ಅವಳ ಹೆಸರು ಆಮಂತ್ರಣದಲ್ಲಿ ಅಚ್ಚಾಯಿತು. ಸಭೆಗೆ ಎರಡು ದಿನ ಇರುವಾಗ ಅಂಕಪಟ್ಟಿ ತಾಳೆ ನೋಡಿದರು. 625ಕ್ಕೆ 529, ಅಂದರೆ 84.64. ಹೆಸರು ಹೊಡೆದರು. ಅವರದ್ದೇನೂ ತಪ್ಪಿಲ್ಲ. ಅಷ್ಟರಲ್ಲಿ ಹುಡುಗಿ ಅಜ್ಜಿಗೆ, ಅತ್ತೆಗೆ, ಶಾಲೆಯ ಗೆಳತಿಯರಿಗೆಲ್ಲ ಹೇಳಿ ಆಗಿತ್ತು. ನಾನು ಅವರ ಮನೆಗೆ ಹೋಗಿ ತಪ್ಪು ನನ್ನದು ಅಂದೆ. "ಪರ್ವಾಗಿಲ್ಲ ಮಾವ" ಅಂದಳು ಅಷ್ಟೆ. ಅದರ ಬದಲು ನಾಲ್ಕು ಮಾತು ಬೈದಿದ್ದರೆ ನನಗೆ ಹಗುರ ಆಗುತ್ತಿತ್ತು.

ನಾವು ರೈತರು ಲೆಕ್ಕದಲ್ಲಿ ದಡ್ಡರಲ್ಲ. ಒಂದು ಪರ್ಸೆಂಟ್ ಬೋರ್ಡೊ ಅಂದರೆ ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ ಅಂತ ಮದ್ದು ಬಿಡುವ ಹುಡುಗನಿಗೂ ಗೊತ್ತು. ಯೂರಿಯಾದಲ್ಲಿ ಸಾರಜನಕ ಶೇಕಡಾ 46. 2018ರಲ್ಲಿ ಚೀಲ 50 ಕಿಲೊದಿಂದ 45 ಕಿಲೊಗೆ ಇಳಿಯಿತು. ಶೇಕಡಾ ಅದೇ 46, ಆದರೆ ಚೀಲದೊಳಗಿನ ಸಾರಜನಕ 23 ಕಿಲೊ ಇದ್ದದ್ದು 20.7 ಆಯಿತು. ಇದನ್ನು ನಾವು ಗಮನಿಸಿ ಮಾತಾಡಿಕೊಂಡೆವು. ಅಡಿಕೆ ಮಂಡಿಯಲ್ಲಿ ತೂಕದ ಮುಳ್ಳಿನ ಮೇಲೆ ಎರಡು ಕಣ್ಣಿಟ್ಟು ನಿಲ್ಲುತ್ತೇವೆ. ಮಕ್ಕಳ ಅಂಕಪಟ್ಟಿ ಮಾತ್ರ ಮನೆಗೆ ಬಂದರೆ ಮೂಲೆಯಲ್ಲಿರುವ ಒಟ್ಟು ನೋಡಿ, "ಎಷ್ಟು ಪರ್ಸೆಂಟ್?" ಅಂತ ಕೇಳಿ ಸುಮ್ಮನಾಗುತ್ತೇವೆ. ಫಾರಂ ತುಂಬುವ ಅಂಗಡಿಯವನು ಏನು ಬರೆದನೋ ಅದೇ ಸತ್ಯ.

ಆ ಮೇಲೆ ಕೂತು ನೋಡಿದೆ. ಅವಳ ಅಂಕಪಟ್ಟಿಯಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ನೂರು ನೂರು. ಹೀಗೆ 625. ಅದರೊಳಗೂ ಎರಡು ಪಾಲು. ಪ್ರಥಮ ಭಾಷೆಯಲ್ಲಿ ಬರಹಕ್ಕೆ 100, ಶಾಲೆಯಲ್ಲಿ ಕೊಡುವ ಆಂತರಿಕ ಅಂಕ 25. ಉಳಿದವುಗಳಲ್ಲಿ 80 ಮತ್ತು 20. ಬರಹದ ಪಾಲನ್ನು ಮಾತ್ರ ಕೂಡಿಸಿದರೆ 500 ಆಗುತ್ತದೆ, ಆಂತರಿಕದ್ದು 125. ಆದ್ದರಿಂದ 500 ಅನ್ನುವವರೂ ಸಿಗುತ್ತಾರೆ, 600 ಅನ್ನುವ ನನ್ನಂಥವರೂ ಸಿಗುತ್ತಾರೆ. ಪಿಯುಸಿಯಲ್ಲಿ ಆರು ವಿಷಯಕ್ಕೆ 600. ಅದನ್ನೇ ಎಸ್ಸೆಸ್ಸೆಲ್ಸಿಗೂ ಅಂಟಿಸಿಬಿಡುವುದು ಸಾಮಾನ್ಯ.

ಇನ್ನೊಂದು ತಪ್ಪು ಇದಕ್ಕಿಂತ ನಯವಾದದ್ದು. ಕಲಿತವರೇ ಮಾಡುತ್ತಾರೆ. ಒಂದೊಂದು ವಿಷಯದ ಶೇಕಡಾ ಬೇರೆ ಬೇರೆ ತೆಗೆದು, ಆರನ್ನೂ ಕೂಡಿಸಿ, ಆರರಿಂದ ಭಾಗಿಸುವುದು. ನಮ್ಮ ಹುಡುಗಿಯ ಕನ್ನಡ 125ಕ್ಕೆ 118, ಅಂದರೆ 94.4. ಉಳಿದ ಐದನ್ನು ಕೂಡಿಸಿ ಸರಾಸರಿ ತೆಗೆದರೆ 84.23 ಬರುತ್ತದೆ. ಸರಿಯಾದದ್ದು 84.64. ಎಲ್ಲಿ ಹೋಯಿತು ಆ 0.41?

ಡೈರಿಗೆ ಹಾಲು ಹಾಕುವವರಿಗೆ ಇದು ಬೇಗ ಅರ್ಥ ಆಗುತ್ತದೆ. ಬೆಳಿಗ್ಗೆ 10 ಲೀಟರ್ ಹಾಲು, ಫ್ಯಾಟ್ 3.5. ಸಂಜೆ 4 ಲೀಟರ್, ಫ್ಯಾಟ್ 4.5. ಎರಡೂ ಹೊತ್ತಿನ ಹಾಲು ಒಂದೇ ಕ್ಯಾನಿಗೆ ಸುರಿದರೆ ಫ್ಯಾಟ್ ಎಷ್ಟು? ನಾಲ್ಕು ಅಂದರೆ ಡೈರಿಯವರು ನಗುತ್ತಾರೆ. ಬೆಳಿಗ್ಗೆಯ ಹಾಲು ಜಾಸ್ತಿ ಇದೆಯಲ್ಲ, ಅದರ ಕಡೆಗೇ ಎಳೆಯುತ್ತದೆ. ಲೆಕ್ಕ ಹಾಕಿದರೆ 3.79 ಹತ್ತಿರ. ಅಂಕದಲ್ಲೂ ಹಾಗೆಯೇ. 125ರ ಕನ್ನಡ ದೊಡ್ಡ ಪಾತ್ರೆ, ನೂರರ ಗಣಿತ ಸಣ್ಣ ಪಾತ್ರೆ. ಪಾತ್ರೆ ನೋಡದೆ ಫ್ಯಾಟ್ ಮಾತ್ರ ಕೂಡಿಸಬಾರದು.

ನನ್ನ ತಂಗಿಯ ಮಗನಿಗೆ ಹೀಗೆಯೇ ಆಯಿತು. ಕನ್ನಡ 121, ಉಳಿದವು 58, 70, 49, 52, 63. ಒಂದು ತರಬೇತಿಗೆ ಕನಿಷ್ಠ 65 ಬೇಕು ಅಂತಿತ್ತು. ಅವನು ಸರಾಸರಿ ತೆಗೆದ, 64.8 ಬಂತು. "ನಂಗೆ ಇಲ್ಲ ಬಿಡಿ" ಅಂತ ಅರ್ಜಿಯನ್ನೇ ಹಾಕಲಿಲ್ಲ. ದಿನ ಮುಗಿದ ಮೇಲೆ ನಾನು ನೋಡುವಾಗ ಒಟ್ಟು 413, ಅಂದರೆ 66.08. ಹುಡುಗಿಗೆ ಸಿಗದ್ದು ಸಿಕ್ಕಿದ ಹಾಗೆ ಆಗಿ ಹೋಯಿತು. ಇವನಿಗೆ ಸಿಗಬಹುದಾಗಿದ್ದು ಕೇಳದೆಯೇ ಹೋಯಿತು. ಎರಡನೆಯದು ಹೆಚ್ಚು ಕೆಟ್ಟದ್ದು ಅಂತ ನನ್ನ ಅಭಿಪ್ರಾಯ. ಮೊದಲನೆಯದನ್ನು ಯಾರಾದರೂ ತಾಳೆ ನೋಡಿ ಹಿಡಿಯುತ್ತಾರೆ. ಎರಡನೆಯದನ್ನು ಹಿಡಿಯುವವರು ಯಾರೂ ಇಲ್ಲ.

ಈಗ ಸುಲಭದ ದಾರಿ ಹೇಳುತ್ತೇನೆ. 625ಕ್ಕೆ ಬಂದ ಅಂಕವನ್ನು 16ರಿಂದ ಗುಣಿಸಿ, ಬಲದಿಂದ ಎರಡು ಅಂಕಿ ಬಿಟ್ಟು ಚುಕ್ಕೆ ಇಡಿ. ಅಷ್ಟೇ. 529 ಗುಣಿಲೆ 16, 8464. ಚುಕ್ಕೆ ಇಟ್ಟರೆ 84.64. ನೂರನ್ನು 625ರಿಂದ ಭಾಗಿಸಿದರೆ 0.16 ಬರುವುದರಿಂದ ಹೀಗೆ. ಒಂದು ಅಂಕದ ಬೆಲೆ 0.16 ಪರ್ಸೆಂಟ್, ಅಂದರೆ ಶೇಕಡಾ ಒಂದು ಏರಬೇಕಾದರೆ ಆರೂಕಾಲು ಅಂಕ ಬೇಕು. ಇದರಿಂದ ಇನ್ನೊಂದು ಉಪಕಾರ ಇದೆ. 625ರ ಲೆಕ್ಕದಲ್ಲಿ ಶೇಕಡಾ ಯಾವಾಗಲೂ ಚುಕ್ಕೆಯ ನಂತರ ಎರಡು ಅಂಕಿಗೆ ನಿಲ್ಲುತ್ತದೆ, ಕೊನೆಯ ಅಂಕಿ ಸಮಸಂಖ್ಯೆಯೇ ಆಗಿರುತ್ತದೆ. ಯಾರಾದರೂ 88.1667 ಅಂತಲೋ 84.23 ಅಂತಲೋ ಬರೆದುಕೊಟ್ಟರೆ, ಎಲ್ಲೋ ಎಡವಿದ್ದಾರೆ ಅಂತ ನೋಡಿದ ಕೂಡಲೇ ಹೇಳಬಹುದು.

ಹಾಗಂತ ನನ್ನ 625ನ್ನೂ 16ನ್ನೂ ಶಾಸ್ತ್ರ ಮಾಡಿಕೊಳ್ಳಬೇಡಿ. ನಿಯಮ ಬದಲಾಗುತ್ತಾ ಇರುತ್ತದೆ. 2024ರಲ್ಲಿ ಪರೀಕ್ಷೆ 1, 2, 3 ಅಂತ ಒಂದೇ ವರ್ಷ ಮೂರು ಸಲ ಬರೆಯುವ ಅವಕಾಶ ಬಂದಿತ್ತು. ವಿಷಯಕ್ಕೆ ಸಿಕ್ಕಿದ ಉತ್ತಮ ಅಂಕ ಉಳಿಸಿಕೊಳ್ಳಬಹುದು. ಮರುಮೌಲ್ಯಮಾಪನದಲ್ಲಿಯೂ ಅಂಕ ಬದಲಾಗುತ್ತದೆ. ಹಳೆಯ ಕಾಗದ ಹಿಡಿದು ಹಳೆಯ ಶೇಕಡಾ ಬರೆದರೆ ಮತ್ತೆ ಅದೇ ಕತೆ. ಕೈಯಲ್ಲಿರುವ ಕೊನೆಯ ಅಂಕಪಟ್ಟಿಯಲ್ಲಿ 'ಗರಿಷ್ಠ ಅಂಕ' ಅಂತ ಏನು ಅಚ್ಚಾಗಿದೆಯೋ ಅದರಿಂದಲೇ ಭಾಗಿಸಿ.

ಪೇಟೆಯಲ್ಲಿ ಸಿಬಿಎಸ್‌ಇಯಲ್ಲಿ ಓದುವ ಸಂಬಂಧಿಕರ ಮಕ್ಕಳ ಜೊತೆ ಹೋಲಿಸುವವರಿಗೆ ಒಂದು ಮಾತು. ಅಲ್ಲಿ ಲೆಕ್ಕವೇ ಬೇರೆ. ಬೋರ್ಡು ಒಟ್ಟು ಶೇಕಡಾ ಹಾಕಿ ಕೊಡುವುದಿಲ್ಲ ಅಂತ 2023ರ ಡಿಸೆಂಬರಿನಲ್ಲಿ ಸ್ಪಷ್ಟವಾಗಿಯೇ ಹೇಳಿದೆ. ಐದಕ್ಕಿಂತ ಹೆಚ್ಚು ವಿಷಯ ಓದಿದ್ದರೆ ಯಾವ ಐದು ಹಿಡಿಯಬೇಕು ಅನ್ನುವುದು ಸೇರಿಸಿಕೊಳ್ಳುವ ಕಾಲೇಜಿಗೆ ಬಿಟ್ಟದ್ದು. ನಮ್ಮ ಹುಡುಗಿಗೂ ಹಾಗೆ ಗಣಿತ ಬಿಟ್ಟು ಐದು ಹಿಡಿದಿದ್ದರೆ 525ಕ್ಕೆ 458, ಅಂದರೆ 87.24 ಆಗುತ್ತಿತ್ತು. ಅದೇ ಗಣಿತ, ವಿಜ್ಞಾನ ಎರಡನ್ನೇ ನೋಡಿದರೆ 73.5. ಹುಡುಗಿ ಒಬ್ಬಳೇ, ಅಂಕಪಟ್ಟಿ ಒಂದೇ! ಸಿಬಿಎಸ್‌ಇ ಹತ್ತನೆಯಲ್ಲಿ ಕೆಲವು ವರ್ಷ, 2017ರ ತನಕ, ಅಂಕದ ಬದಲು ಗ್ರೇಡ್ ಇತ್ತು. ಆ ಕಾಲದ ಕಾರ್ಡಿನ ಸಿಜಿಪಿಎಯನ್ನು 9.5ರಿಂದ ಗುಣಿಸಿ ಶೇಕಡಾ ಮಾಡುವುದು. ಹತ್ತಕ್ಕೆ ಹತ್ತು ತೆಗೆದವನಿಗೂ 95ರ ಮೇಲೆ ಹೋಗಲಿಕ್ಕಿಲ್ಲ. ಗಡಿಯಾಚೆ ಕಾಸರಗೋಡಿನ ನಮ್ಮವರ ಮಕ್ಕಳಿಗೆ ಕೇರಳದ ಎಸ್ಸೆಸ್ಸೆಲ್ಸಿಯಲ್ಲಿ 2005ರಿಂದಲೇ ಗ್ರೇಡ್ ಬಂದಿದೆ. ಹೀಗಿರುವಾಗ ಮದುವೆಮನೆಯ ಪಂಕ್ತಿಯಲ್ಲಿ ಕೂತು "ನಿಮ್ಮವನಿಗೆ ಎಷ್ಟು, ನಮ್ಮವಳಿಗೆ ಇಷ್ಟು" ಅನ್ನುವುದಕ್ಕೆ ಅರ್ಥ ಉಂಟಾ?

ಇಷ್ಟು ಸಣ್ಣ ಲೆಕ್ಕಕ್ಕೆ ಇಷ್ಟು ಮಾತು ಯಾಕೆ ಅಂತ ಕೇಳಬಹುದು. ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ್ ಕೆಲಸ ನೋಡಿ. ದಿನಕ್ಕೆ ನಾಲ್ಕೈದು ಗಂಟೆ ದುಡಿತ, ಉಳಿದ ಹೊತ್ತು ತೋಟ ನೋಡಬಹುದು. ಬೇರೆ ಜೀವನೋಪಾಯವೂ ಇರಬೇಕು ಅಂತ ನಿಯಮವೇ ಇದೆ. ಎರಡು ಎಕ್ರೆಯವನ ಮನೆಗೆ ಇದಕ್ಕಿಂತ ಹೊಂದುವ ಕೆಲಸ ಇನ್ನೊಂದಿಲ್ಲ. ಅದಕ್ಕೆ ಪರೀಕ್ಷೆ ಇಲ್ಲ, ಸಂದರ್ಶನ ಇಲ್ಲ. ಹತ್ತನೆಯ ಅಂಕವೇ ಎಲ್ಲ. ಶೇಕಡಾವನ್ನು ಚುಕ್ಕೆಯ ನಂತರ ನಾಲ್ಕು ಅಂಕಿಯವರೆಗೆ ಲೆಕ್ಕ ಹಾಕಿ ಪಟ್ಟಿ ಮಾಡುತ್ತಾರೆ. ಇಬ್ಬರದ್ದು ಸಮ ಬಂದರೆ ವಯಸ್ಸಿನಲ್ಲಿ ದೊಡ್ಡವರಿಗೆ ಮೊದಲು. ಅಲ್ಲಿ 0.16 ಅಂದರೆ ಸಣ್ಣದಲ್ಲ. ಅರ್ಜಿಯಲ್ಲಿ ಅಂಕ ತಪ್ಪು ತುಂಬಿ ಮುಂದೆ ದಾಖಲೆ ಪರಿಶೀಲನೆಗೆ ಹೋದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಸೊಸೈಟಿಯ ಪುರಸ್ಕಾರ ಹೋದರೆ ಒಂದು ಶಾಲು, ಒಂದು ಲಕೋಟೆ ಹೋದೀತು. ಇಲ್ಲಿ ಹಾಗಲ್ಲ.

ನಮ್ಮ ಸಂಘ ಸಂಸ್ಥೆಗಳನ್ನು ನಡೆಸುವವರಿಗೂ ಸ್ವಲ್ಪ ಹೇಳುವುದಿದೆ. ಫಾರಂನಲ್ಲಿ 'ಶೇಕಡಾ' ಅಂತ ಒಂದು ಗೆರೆ ಎಳೆದು ಬಿಡುತ್ತೀರಿ. ಅದನ್ನು ತುಂಬುವವನು ಅವನಿಗೆ ತಿಳಿದ ಹಾಗೆ ತುಂಬುತ್ತಾನೆ. ಅದರ ಬದಲು 'ಪಡೆದ ಅಂಕ', 'ಗರಿಷ್ಠ ಅಂಕ' ಅಂತ ಎರಡು ಮನೆ ಮಾಡಿ, ಭಾಗಾಕಾರ ನೀವೇ ಮಾಡಿಕೊಳ್ಳಿ. ಇನ್ನು ಆ 85 ಅನ್ನುವ ಗಡಿ. 625ರ 85 ಪರ್ಸೆಂಟ್ ಅಂದರೆ 531.25 ಅಂಕ. ಯಾವ ಮಗುವಿಗೂ ಕಾಲು ಅಂಕ ಬರುವುದಿಲ್ಲ. 531 ಬಂದವನಿಗೆ 84.96, 532 ಬಂದವನಿಗೆ 85.12. ಸರಿಯಾಗಿ 85 ಯಾರಿಗೂ ಸಾಧ್ಯವೇ ಇಲ್ಲ. 531 ಬಂದವನನ್ನು ಒಳಗೆ ಬಿಡುತ್ತೀರೋ ಹೊರಗೆ ನಿಲ್ಲಿಸುತ್ತೀರೋ, ಅದನ್ನು ಅಂಕದಲ್ಲೇ ಮೊದಲು ಬರೆದು ಪ್ರಕಟಿಸಿ. ಮಗು ಯಾರದ್ದು ಅಂತ ತಿಳಿದ ಮೇಲೆ ತೀರ್ಮಾನ ಮಾಡಲು ಹೊರಟರೆ ಜಗಳ ಗ್ಯಾರಂಟಿ.

ಈ ಮಾತನ್ನು 2023ರ ಮಹಾಸಭೆಯಲ್ಲೇ ಎದ್ದು ನಿಂತು ಹೇಳಿದೆ. ನನ್ನ ತಪ್ಪನ್ನೂ ಸೇರಿಸಿಯೇ ಹೇಳಿದೆ. ಕೆಲವರು ನಕ್ಕರು. ಮರುವರ್ಷದ ಫಾರಂನಲ್ಲಿ ಎರಡು ಮನೆ ಬಂತು. 'ಕನಿಷ್ಠ 531 ಅಂಕ' ಅಂತಲೂ ಅಚ್ಚಾಯಿತು. ಆ ಫಾರಂಗಳನ್ನು ತಾಳೆ ನೋಡಲು ಇನ್ನೊಬ್ಬರು ಬೇಕು ಅಂದಾಗ ನಾನು ಆಚೆಮನೆಯ ಹುಡುಗಿಯ ಹೆಸರು ಹೇಳಿದೆ. ಪಿಯುಸಿ ಎರಡನೇ ವರ್ಷಕ್ಕೆ ಬಂದಿದ್ದಳು. ಬಂದು ಕೂತು, ಕ್ಯಾಲ್ಕುಲೇಟರ್ ಮುಟ್ಟದೆ, ಹದಿನಾರರಿಂದ ಗುಣಿಸಿ ಒಂದೊಂದನ್ನೇ ಪಕ್ಕಕ್ಕಿಟ್ಟಳು. ಎರಡು ಫಾರಂನಲ್ಲಿ ಗರಿಷ್ಠ ಅಂಕದ ಮನೆಯಲ್ಲಿ 600 ಅಂತ ಬರೆದಿತ್ತು. ಕೆಂಪು ಪೆನ್ನಿನಲ್ಲಿ ತಿದ್ದಿ ನನ್ನ ಕಡೆ ನೋಡಿದಳು.