ಕೂಸಿನ ಹಾಲಿಗೆ ರಜೆ ಎಲ್ಲಿ?

ದಿನ ತುಂಬದೆ ಹುಟ್ಟಿದ ಕೂಸು ಬೀದರಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಿಂದ ಹೊರಬಂದು ಹುಡಗಿಯ ಮನೆಯ ತೊಟ್ಟಿಲು ಸೇರಿತೆಂದರೆ, ‘ಕೂಸು ಗೆದ್ದಿತು’ ಎಂದು ನೆರೆಹೊರೆಯವರು ಸಕ್ಕರೆ ಹಂಚುತ್ತಾರೆ. ನಿಜವಾದ ಕಷ್ಟ ಶುರುವಾಗುವುದು ಆ ಮೇಲೆ. 37 ವಾರಕ್ಕೆ ಮೊದಲೇ ಹುಟ್ಟಿದ ಕೂಸಿಗೆ ಚೀಪುವ ಶಕ್ತಿ ಸಾಲದು. ಹಸಿದರೂ ಅಳದೆ ಮಲಗಿಬಿಡುತ್ತದೆ. ಎರಡು ಮೂರು ಗಂಟೆಗೊಮ್ಮೆ, ನಡುರಾತ್ರಿಯಲ್ಲೂ, ಎಬ್ಬಿಸಿ ಕುಡಿಸಬೇಕು. ಮೊಲೆ ಹಿಡಿಯಲಾರದಿದ್ದರೆ ತಾಯಿಯ ಹಾಲನ್ನೇ ಹಿಂಡಿ, ಕುದಿಸಿ ತೊಳೆದ ಒಳಲೆಯಿಂದ ತೊಟ್ಟು ತೊಟ್ಟಾಗಿ ಕುಡಿಸಬೇಕು. (ನಮ್ಮ ಅಜ್ಜಿಯರ ಒಳಲೆಯನ್ನು ಈಗ ಡಾಕ್ಟರರೂ ಒಪ್ಪಿದ್ದಾರೆ, ಒಪ್ಪದಿರುವುದು ಬಾಟಲಿಯನ್ನು.) ಗರ್ಭದ ಕೊನೆಯ ತಿಂಗಳುಗಳಲ್ಲಿ ಕೂಡಬೇಕಾಗಿದ್ದ ಕಬ್ಬಿಣದ ಅಂಶ ಈ ಕೂಸಿನಲ್ಲಿ ಕೂಡಿರುವುದಿಲ್ಲ, ಡಾಕ್ಟರರು ಬರೆದುಕೊಟ್ಟ ಹನಿಯನ್ನು ತಪ್ಪಿಸುವಂತಿಲ್ಲ.

ಇಷ್ಟೆಲ್ಲ ಮಾಡಬೇಕಾದವಳು ಯಾರು? ಬೇಳೆ ಮಿಲ್ಲಿನಲ್ಲಿ ಕಾಳು ಆರಿಸುವ ಹೆಂಗಸು. ‘ತಾಯಂದಿರಿಗೆ ತಿಳಿವಳಿಕೆ ಇಲ್ಲ’ ಎಂದು ಭಾಷಣ ಮಾಡುವ ಮಹನೀಯರು ಒಂದು ಲೆಕ್ಕ ಹಾಕಲಿ. ದಿನಕ್ಕೆ ಎಂಟು ಹತ್ತು ಸಲ ಹಾಲು. ಹಿಂಡಿ ಕುಡಿಸುವುದಕ್ಕೆ ಸಲಕ್ಕೆ ಅರ್ಧ ಗಂಟೆಯಾದರೂ ಬೇಕು. ಇದರಲ್ಲಿ ಪಾಳಿ ಎಲ್ಲಿ ಹಿಡಿಸೀತು? ಆಶಾ ಕಾರ್ಯಕರ್ತೆ 42ನೆಯ ದಿನದವರೆಗೆ ಬಂದು ತೂಕ ನೋಡಿ ಬುದ್ಧಿ ಹೇಳಿ ಹೋಗುವಳು; ಅದನ್ನು ಕೇಳಲು ತಾಯಿ ಮನೆಯಲ್ಲಿರಬೇಕಷ್ಟೆ!

ಕಾನೂನು ಇಲ್ಲದಿಲ್ಲ. ಹತ್ತು ಜನಕ್ಕೆ ಮೇಲ್ಪಟ್ಟು ದುಡಿಯುವಲ್ಲಿ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆಯೆಂದು 2017ರಲ್ಲಿ ತಿದ್ದುಪಡಿಯಾಯಿತು. ದಿನ ತುಂಬದ ಹೆರಿಗೆಯಿಂದ ತಾಯಿ ಕಾಯಿಲೆ ಬಿದ್ದರೆ ಇನ್ನೊಂದು ತಿಂಗಳು ಎಂಬ ಮಾತು 1961ರ ಕಾಯ್ದೆಯಲ್ಲೇ ಇತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಗೂ ಬಂದಿದೆ. ಆದರೆ ಆ ತಿಂಗಳು ತಾಯಿಯ ಕಾಯಿಲೆಗೆ, ಕೂಸಿನ ಹಾಲಿಗಲ್ಲ. ಕೂಸು ಆಸ್ಪತ್ರೆಯಲ್ಲಿ ಕಳೆದ ವಾರಗಳೂ ತಾಯಿಯ ರಜೆಯಲ್ಲೇ ಕಳೆದುಹೋಗುತ್ತವೆ. ಬ್ರಿಟನ್ನಿನಲ್ಲಿ 2025ರ ಏಪ್ರಿಲ್‌ನಿಂದ ಇಂಥ ತಂದೆತಾಯಿಗಳಿಗೆ 12 ವಾರದವರೆಗೆ ಬೇರೆಯೇ ರಜೆ ಉಂಟು. ನಮ್ಮಲ್ಲೇಕಾಗದು? ಹತ್ತು ಜನವೂ ಇಲ್ಲದ ಸಣ್ಣ ಮಿಲ್ಲಿನವಳಿಗೆ, ದಿನಗೂಲಿಯವಳಿಗೆ ಈ 26 ವಾರವೂ ಕಾಗದದ ಮಾತೇ.

ಅಂಗಡಿಕಾರ ಬಂಧುಗಳಿಗೂ ಒಂದು ಮಾತು. ಎಳೆಗೂಸಿನ ಹಾಲುಪುಡಿಗೆ ಜಾಹೀರಾತು ಕೂಡದೆಂದು 1992ರ ಕಾನೂನು ಹೇಳುತ್ತದೆ. ಡಬ್ಬಿಗಳನ್ನು ಗಲ್ಲೆಯ ಮುಂದೆ ಗೋಪುರ ಕಟ್ಟಿ ಮೆರೆಸಬೇಡಿ. ದುಬಾರಿ ಪುಡಿ ನಾಲ್ಕು ದಿನ ಹೆಚ್ಚು ಬರಲೆಂದು ಬಡವರು ನೀರು ಬೆರೆಸುತ್ತಾರೆ. ಕೂಸಿನ ತೂಕ ಇಳಿಯುವುದು ಅಲ್ಲಿಂದ. ಡಾಕ್ಟರರ ಚೀಟಿ ತಂದವರಿಗೆ ಅಳತೆ ಹೇಳಿ ಕೊಡಿ.

ಹುಮನಾಬಾದಿನ ಕಾರ್ಮಿಕ ಸಂಘಗಳು ಮುಂದಿನ ಬೇಡಿಕೆ ಪಟ್ಟಿಯಲ್ಲಿ ಬೋನಸ್ಸಿನ ಕೆಳಗೆ ಇದನ್ನೂ ಬರೆಯಲಿ: ದಿನ ತುಂಬದ ಕೂಸಿನ ತಾಯಿಯ ರಜೆಯನ್ನು ಕೂಸು ಮನೆಗೆ ಬಂದ ದಿನದಿಂದ ಎಣಿಸಬೇಕು.