ಒಬ್ಬನೇ ಗೆಲ್ಲಿಸಿದ ಅನ್ನೋರಿಗೆ

ಟೋಕಿಯೋದಲ್ಲಿ ಕಂಚು ಗೆದ್ದ ದಿನ ಗೋಲ್‌ಪೋಸ್ಟಿನ ಮೇಲೆ ಹತ್ತಿ ಕೂತ ಶ್ರೀಜೇಶನ ಫೋಟೋ ನಿಮ್ಮ ಫೋನಿಗೂ ಬಂದಿರುತ್ತೆ. ನನಗಂತೂ ಹತ್ತು ಸಲ ಬಂತು. ಕೆಳಗಿನ ಒಕ್ಕಣೆ ಎಲ್ಲದರಲ್ಲೂ ಒಂದೇ ಧಾಟಿಯದು: 41 ವರ್ಷದ ಬರ, ಒಬ್ಬನೇ ಒಬ್ಬ ನೀಗಿಸಿದ. 2024ರಲ್ಲಿ ಪ್ಯಾರಿಸ್‌ನಲ್ಲಿ ಇನ್ನೊಂದು ಕಂಚು ಬಂದಾಗ ಅದೇ ಒಕ್ಕಣೆಯನ್ನು ಇಸವಿ ಬದಲಿಸಿ ಮತ್ತೆ ಕಳಿಸಿದರು.

ಫೋಟೋ ಬಗ್ಗೆ ತಕರಾರಿಲ್ಲ. ಪಂದ್ಯ ಮುಗಿಯೋಕೆ ಆರು ಸೆಕೆಂಡ್ ಇದ್ದಾಗ ಜರ್ಮನಿಗೆ ಸಿಕ್ಕ ಪೆನಾಲ್ಟಿ ಕಾರ್ನರನ್ನು ತಡೆದವನು ಗೋಲ್‌ಪೋಸ್ಟಿನ ಮೇಲೇನು, ಸ್ಟೇಡಿಯಂ ಚಾವಣಿ ಮೇಲೆ ಬೇಕಾದರೂ ಕೂರಲಿ. ನನ್ನ ಜಗಳ ಆ ಒಕ್ಕಣೆ ಜೊತೆ.

ಅದೇ ಒಲಿಂಪಿಕ್ಸ್‌ನ ಜುಲೈ 25, 2021ರ ಪಂದ್ಯ ಎಷ್ಟು ಜನರಿಗೆ ನೆನಪಿದೆ ಹೇಳಿ. ಆಸ್ಟ್ರೇಲಿಯಾ 7, ಭಾರತ 1. ಗೋಲ್‌ಕೀಪರ್ ಯಾರು? ಇದೇ ಶ್ರೀಜೇಶ್. ಕಂಚು ಬಂದದ್ದು ಆಗಸ್ಟ್ 5ಕ್ಕೆ. ಹನ್ನೊಂದು ದಿನದ ಅಂತರ ಅಷ್ಟೆ.

ಈಗ 1982ಕ್ಕೆ ಬನ್ನಿ. ದೆಹಲಿ ಏಷ್ಯನ್ ಗೇಮ್ಸ್ ಫೈನಲ್, ಪಾಕಿಸ್ತಾನ 7, ಭಾರತ 1. ಅಂಕಿ ಅದೇ. ಗೋಲ್‌ಕೀಪರ್ ಮೀರ್ ರಂಜನ್ ನೇಗಿ. ಆತ ದೇಶವನ್ನೇ ಮಾರಿಬಿಟ್ಟ ಅಂದರು. ಪಾಕಿಸ್ತಾನದ ಫಾರ್ವರ್ಡ್‌ಗಳು ಏಳು ಸಲ ಡಿ ಒಳಗೆ ನುಗ್ಗುವಾಗ ನಡುವೆ ನಮ್ಮವರು ಇನ್ನೂ ಹತ್ತು ಜನ ಇದ್ದರಲ್ಲ, ಅವರೇನು ಮಾಡ್ತಿದ್ದರು ಅಂತ ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಒಬ್ಬನೇ ಗೆಲ್ಲಿಸಿದ ಅನ್ನೋ ಬಾಯಿ, ಸೋತಾಗ ಒಬ್ಬನೇ ಸೋಲಿಸಿದ ಅನ್ನದೆ ಇರೋಲ್ಲ. ನೇಗಿಗೆ ಎಂಥ ಕೋಚ್, ಎಂಥ ಫೆಡರೇಷನ್ ಸಿಕ್ಕಿದ್ದರೆ ಹನ್ನೊಂದು ದಿನದ ಮೇಲೆ ಇನ್ನೊಂದು ಪಂದ್ಯ ಆಡಬಹುದಿತ್ತು? 1998ರಲ್ಲಿ ಬ್ಯಾಂಕಾಕ್‌ನಲ್ಲಿ ನಾವು ಏಷ್ಯನ್ ಗೇಮ್ಸ್ ಚಿನ್ನ ಗೆದ್ದಾಗ ಗೋಲ್‌ಕೀಪರ್‌ಗಳಿಗೆ ತರಬೇತಿ ಕೊಟ್ಟವನು ಇದೇ ನೇಗಿ. ಫೈನಲ್‌ನಲ್ಲಿ ಕೊರಿಯಾದ ಸ್ಟ್ರೋಕ್‌ಗಳನ್ನು ತಡೆದವನು ನಮ್ಮ ಬೆಂಗಳೂರಿನ ಆಶಿಶ್ ಬಲ್ಲಾಳ್. ಆಮೇಲೇನಾಯ್ತು? ಧನರಾಜ್ ಪಿಳ್ಳೆ, ಬಲ್ಲಾಳ್ ಸೇರಿ ಗೆದ್ದ ತಂಡದ ಹಲವರನ್ನೇ ಫೆಡರೇಷನ್ ಕೈಬಿಟ್ಟಿತು. ‘ವಿಶ್ರಾಂತಿ’ ಅಂತ ಅದಕ್ಕೊಂದು ಚೆಂದದ ಹೆಸರು! ಸೋತರೂ ಮನೆಗೆ, ಗೆದ್ದರೂ ಮನೆಗೆ. ಹತ್ತು ವರ್ಷದಲ್ಲಿ, 2008ರ ಮಾರ್ಚಿನಲ್ಲಿ, ಚಿಲಿಯ ಸ್ಯಾಂಟಿಯಾಗೋದಲ್ಲಿ ಬ್ರಿಟನ್ ಎದುರು 2-0 ಸೋತು ಒಲಿಂಪಿಕ್ಸ್ ಬಾಗಿಲಲ್ಲೇ ನಿಂತೆವು. 1928ರಿಂದ ಅಲ್ಲೀವರೆಗೆ ಹಾಗೆ ಆಗಿರಲಿಲ್ಲ.

ಹಾಗಾದರೆ ತಂಡ ಮೇಲೆದ್ದದ್ದು ಹೇಗೆ? ನನ್ನ ಲೆಕ್ಕ ಶುರುವಾಗೋದು 2012ರ ಲಂಡನ್‌ನಿಂದ. ಹನ್ನೆರಡು ತಂಡ, ನಮಗೆ ಹನ್ನೆರಡನೇ ಸ್ಥಾನ. ಆಡಿದ ಅಷ್ಟೂ ಪಂದ್ಯ ಸೋಲು. ಆ ತಂಡದಲ್ಲಿದ್ದ ಮೂವರು ಟೋಕಿಯೋ ತಂಡದಲ್ಲೂ ಇದ್ದರು: ಶ್ರೀಜೇಶ್, ಮನ್‌ಪ್ರೀತ್ ಸಿಂಗ್, ಬೀರೇಂದ್ರ ಲಾಕ್ರಾ. ಮನ್‌ಪ್ರೀತ್ ಕ್ಯಾಪ್ಟನ್. ಒಂದೊಂದು ಪಂದ್ಯವನ್ನೂ ಸೋತು ಬಂದವನಿಗೆ ಒಂದು 7-1ರಲ್ಲಿ ಹೊಸದಾಗಿ ಕಳಕೊಳ್ಳೋಕೆ ಏನಿರುತ್ತೆ? ಮೊದಲ ಒಲಿಂಪಿಕ್ಸ್ ಆಡ್ತಿರೋ ಹುಡುಗ ರಾತ್ರಿ ಊಟದ ಟೇಬಲ್ಲಿನಲ್ಲಿ ಮುಖ ಎತ್ತಿ ನೋಡಿದರೆ ಎದುರಿಗೆ ಇಂಥವರು ಕೂತಿರಬೇಕು. ಒಬ್ಬ ಆಟಗಾರ ತಂಡವನ್ನು ಬದಲಿಸ್ತಾನೆ ಅಂದರೆ ನಾನು ಒಪ್ಪೋದು ಈ ಅರ್ಥದಲ್ಲಿ. ಆದರೆ ಅವನು ಅಲ್ಲಿ ಕೂತಿರಬೇಕಾದರೆ ಸೋತ ವರ್ಷ ಅವನನ್ನು ಯಾರೋ ಉಳಿಸಿಕೊಂಡಿರಬೇಕು.

ಆಟಗಾರರನ್ನು ಉಳಿಸಿಕೊಳ್ಳೋದನ್ನು ಹೇಗೋ ಕಲಿತೆವು, ಕೋಚ್‌ಗಳ ವಿಷಯದಲ್ಲಿ ಅದೂ ಇಲ್ಲ. ನಾಬ್ಸ್, ವಾಲ್ಶ್, ವಾನ್ ಆಸ್, ಓಲ್ಟ್‌ಮನ್ಸ್, ಮರೈನ್, ಹರೇಂದ್ರ ಸಿಂಗ್, ರೀಡ್. ಲಂಡನ್‌ನಿಂದ ಟೋಕಿಯೋಗೆ ಹೋಗೋದರೊಳಗೆ ಏಳು ಹೆಸರು. ಬಾಡಿಗೆ ಮನೆ ಕೂಡ ಇಷ್ಟು ಬೇಗ ಖಾಲಿ ಮಾಡಿಸೋಲ್ಲ. ಇದರಲ್ಲಿ ಪುರುಷರ ತಂಡದಿಂದ ಎತ್ತಂಗಡಿಯಾದ ಮರೈನ್ ವಾಪಸ್ ಮಹಿಳಾ ತಂಡಕ್ಕೆ ಹೋಗಿ, ಟೋಕಿಯೋದಲ್ಲಿ ಮೊದಲ ಮೂರು ಪಂದ್ಯ ಸೋತ ಅದೇ ತಂಡದಿಂದ ಕ್ವಾರ್ಟರ್‌ಫೈನಲ್‌ನಲ್ಲಿ ಆಸ್ಟ್ರೇಲಿಯಾವನ್ನು ಮನೆಗೆ ಕಳಿಸಿದ.

ಹರೇಂದ್ರರ ಕತೆ ಇನ್ನೂ ಚೆನ್ನಾಗಿದೆ. 2016ರ ಡಿಸೆಂಬರ್‌ನಲ್ಲಿ ಲಖನೌದಲ್ಲಿ ಜೂನಿಯರ್ ವಿಶ್ವಕಪ್ ಗೆದ್ದ ತಂಡಕ್ಕೆ ಅವರೇ ಕೋಚ್. ಫೈನಲ್‌ನಲ್ಲಿ ಬೆಲ್ಜಿಯಂ ಮೇಲೆ 2-1. ಗೋಲು ಹೊಡೆದವರು ಗುರ್ಜಂತ್ ಮತ್ತು ಸಿಮ್ರನ್‌ಜೀತ್. ಹರ್ಮನ್‌ಪ್ರೀತ್, ಮನ್‌ದೀಪ್, ಸುಮಿತ್, ನೀಲಕಂಠ ಶರ್ಮಾ, ವರುಣ್ ಕುಮಾರ್ ಎಲ್ಲ ಆ ತಂಡದವರೇ. ಇಷ್ಟೂ ಜನ ಟೋಕಿಯೋದಲ್ಲಿದ್ದರು. ಹರೇಂದ್ರ ಮಾತ್ರ ಇರಲಿಲ್ಲ, 2019ರ ಆರಂಭದಲ್ಲೇ ಅವರನ್ನು ತೆಗೆದಾಗಿತ್ತು.

ಆ ಸಿಮ್ರನ್‌ಜೀತ್ ಟೋಕಿಯೋಗೆ ಹೋದದ್ದು ಬದಲಿ ಆಟಗಾರನಾಗಿ. ಹದಿನಾರರ ಪಟ್ಟಿಯಲ್ಲಿ ಅವನ ಹೆಸರೇ ಇರಲಿಲ್ಲ. ಕೊರೊನಾ ಕಾರಣಕ್ಕೆ ಬದಲಿಗಳನ್ನೂ ಪಂದ್ಯಕ್ಕೆ ಇಳಿಸಬಹುದು ಅಂತ ನಿಯಮ ಸಡಿಲಿಸಿದ್ದರಿಂದ ಅವಕಾಶ ಸಿಕ್ಕಿತು. ಜರ್ಮನಿ ಎದುರು ನಾವು 1-3 ಹಿಂದಿದ್ದೆವಲ್ಲ, ಆ ಒಂದು ಅವನದು. ಆಮೇಲೆ 27ನೇ ನಿಮಿಷದಿಂದ 34ನೇ ನಿಮಿಷದೊಳಗೆ ನಾಲ್ಕು ಗೋಲು: ಹಾರ್ದಿಕ್, ಹರ್ಮನ್‌ಪ್ರೀತ್, ರೂಪಿಂದರ್, ಮತ್ತೆ ಸಿಮ್ರನ್‌ಜೀತ್. ಪಂದ್ಯ 5-4. ಪಟ್ಟಿಯಲ್ಲೇ ಇಲ್ಲದವನ ಎರಡು ಗೋಲು ತೆಗೆದು ನೋಡಿ, ಶ್ರೀಜೇಶ್ ಕೊನೆಯಲ್ಲಿ ತಡೆಯೋಕೆ ಏನೂ ಉಳಿದಿರಲಿಲ್ಲ. ಇವನ ಫೋಟೋ ಯಾರಾದರೂ ಫಾರ್ವರ್ಡ್ ಮಾಡಿದ್ದೀರಾ?

ಇನ್ನು ಅಮಿತ್ ರೋಹಿದಾಸ್. ಪೆನಾಲ್ಟಿ ಕಾರ್ನರ್ ರಕ್ಷಣೆಗೆ ಗೋಲ್‌ಕೀಪರ್ ಸೇರಿ ಐದೇ ಜನ, ಉಳಿದವರೆಲ್ಲ ಅರ್ಧ ಮೈದಾನದಾಚೆ. ಎದುರಾಳಿ ಚೆಂಡು ತಳ್ಳಿದ ಕೂಡಲೇ ಆ ಐವರಲ್ಲೊಬ್ಬ ಡ್ರ್ಯಾಗ್ ಫ್ಲಿಕ್ ಮಾಡೋನ ಕಡೆಗೇ ನೇರ ಓಡಬೇಕು. ಮುಖಕ್ಕೊಂದು ಮಾಸ್ಕ್, ಮಂಡಿಗೆ ಪ್ಯಾಡ್. ಬರೋ ಚೆಂಡಿನ ವೇಗ ಗಂಟೆಗೆ ನೂರು ಕಿಲೋಮೀಟರ್ ದಾಟಿರುತ್ತೆ. ಬೇರೆಯವರು ಅಡ್ಡ ತಪ್ಪಿಸಿಕೊಳ್ಳುವ ಜಾಗಕ್ಕೆ ಇವನು ಎದೆಯೊಡ್ಡಿ ಓಡ್ತಾನೆ. ಚೆಂಡು ತಗುಲಿದರೆ ಉಳೀತು. ತಗುಲದಿದ್ದರೂ ಹೊಡೆಯೋನ ಕೋನ ಕಿರಿದಾಗುತ್ತೆ, ಗೋಲ್‌ಕೀಪರ್‌ಗೆ ನೋಡೋಕೆ ಅರ್ಧ ಗೋಲು ಮಾತ್ರ ಉಳಿಯುತ್ತೆ. ಆ ಅರ್ಧವನ್ನು ತಡೆದವನಿಗೆ ನಾವು ‘ಗೋಡೆ’ ಅಂತ ಬಿರುದು ಕೊಡ್ತೀವಿ.

ಪ್ಯಾರಿಸ್‌ನಲ್ಲಿ ಬ್ರಿಟನ್ ಎದುರಿನ ಕ್ವಾರ್ಟರ್‌ಫೈನಲ್‌ನ 17ನೇ ನಿಮಿಷಕ್ಕೆ ರೋಹಿದಾಸ್‌ಗೆ ಕೆಂಪು ಕಾರ್ಡ್ ಸಿಕ್ಕಿತು. ಉಳಿದ ನಲವತ್ತಕ್ಕೂ ಹೆಚ್ಚು ನಿಮಿಷ ಹತ್ತೇ ಜನ ಆಡಿ 1-1ರಲ್ಲಿ ಹಿಡಿದಿಟ್ಟರು, ಶೂಟೌಟ್‌ನಲ್ಲಿ 4-2. ಮಾರನೇ ದಿನದ ಸುದ್ದಿಯೆಲ್ಲ ಶೂಟೌಟ್ ಬಗ್ಗೆ. ಆ ನಲವತ್ತು ನಿಮಿಷದ ಬಗ್ಗೆ ಎರಡು ಸಾಲು. ನಿಷೇಧದಿಂದ ರೋಹಿದಾಸ್ ಇಲ್ಲದ ಸೆಮಿಫೈನಲ್‌ನಲ್ಲಿ ಜರ್ಮನಿಯ ಪೇಯಾಟ್ ಪೆನಾಲ್ಟಿ ಕಾರ್ನರ್‌ನಲ್ಲೇ ಗೋಲು ಹೊಡೆದ, 3-2ರಲ್ಲಿ ಸೋತೆವು. ರೋಹಿದಾಸ್ ಇದ್ದಿದ್ದರೆ ತಡೀತಿದ್ದ ಅಂತ ನಾನು ಆಣೆ ಮಾಡೋಲ್ಲ. ಆದರೆ ‘ಒಬ್ಬನ ಪ್ರಭಾವ’ ಅಂತ ಭಾಷಣ ಬಿಗಿಯೋರು ಒಂದು ಸಲ ಈ ಒಬ್ಬನನ್ನೂ ಎಣಿಸಲಿ.

ನಮ್ಮ ಕೊಡಗಿನವರದ್ದೂ ಇದೇ ಪಾಡು. ರಿಯೋಗೆ ಹೋದ ಹದಿನಾರರಲ್ಲಿ ನಾಲ್ವರು ಅಲ್ಲಿಯವರು: ರಘುನಾಥ್, ಸುನಿಲ್, ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ. ಟೋಕಿಯೋದಲ್ಲಿ ಒಬ್ಬರೂ ಇಲ್ಲ. ರಘುನಾಥ್, ಸುನಿಲ್ ಲಂಡನ್‌ನ ಅವಮಾನವನ್ನೂ ಉಂಡವರು, 2014ರಲ್ಲಿ ಇಂಚಿಯಾನ್‌ನಲ್ಲಿ ಪಾಕಿಸ್ತಾನವನ್ನು ಸೋಲಿಸಿ ಏಷ್ಯನ್ ಗೇಮ್ಸ್ ಚಿನ್ನ ತಂದವರು. ತಂಡ ಹತ್ತೋ ಏಣಿಯ ಕೆಳಗಿನ ಮೆಟ್ಟಿಲು ಇವರೇ. ಪದಕದ ದಿನ ಇವರನ್ನು ನೆನೆದವರು ಸೋಮವಾರಪೇಟೆಯಾಚೆ ಎಷ್ಟು ಜನ?

‘ಹಾಗಂತ ಸೋತವರನ್ನೆಲ್ಲ ಸಾಯೋವರೆಗೂ ಇಟ್ಕೊಳ್ಳೋಕಾಗುತ್ತೇನ್ರೀ?’ ಅಂತ ಕೇಳೋರಿದ್ದಾರೆ. ಬೇಡ ಸ್ವಾಮಿ. ಕಾಲು ನಿಧಾನವಾದರೆ ತೆಗೀರಿ, ಫಾರ್ಮ್ ಹೋದರೆ ತೆಗೀರಿ. ಒಂದು ಸಂಜೆಯ ಸ್ಕೋರ್ ನೋಡಿ ತೆಗೀಬೇಡಿ ಅಂತಷ್ಟೇ ನಾನು ಹೇಳ್ತಿರೋದು.

ಶ್ರೀಜೇಶ್ ನಿವೃತ್ತನಾದ. ಹಾಕಿ ಇಂಡಿಯಾ ಸೀನಿಯರ್ ತಂಡದಲ್ಲಿ ಅವನ 16ನೇ ನಂಬರಿನ ಜರ್ಸಿಯನ್ನು ಇನ್ಯಾರಿಗೂ ಕೊಡೋಲ್ಲ ಅಂದಿದೆ, ಸಂತೋಷ. ಟೋಕಿಯೋದಲ್ಲೂ ಪ್ಯಾರಿಸ್‌ನಲ್ಲೂ ಬದಲಿ ಗೋಲ್‌ಕೀಪರ್ ಆಗಿ ಕಾದು ಕೂತಿದ್ದ ಕೃಷನ್ ಪಾಠಕ್ ಈಗ ಆ ಗೋಲಿನೊಳಗೆ ನಿಲ್ತಾನೆ. ಎಲ್ಲ ಗೋಲ್‌ಕೀಪರ್‌ಗಳ ಹಾಗೆ ಅವನೂ ಒಂದು ದಿನ ಏಳು ಗೋಲು ಬಿಟ್ಟಾನು. ಅವತ್ತು ಸಂಜೆ ನೀವು ಏನನ್ನು ಫಾರ್ವರ್ಡ್ ಮಾಡ್ತೀರೋ ನೋಡೋಣ.