ಮಾತ್ರೆ ನುಂಗಿ ಲಾರಿ ಹತ್ತುವ ಮುನ್ನ

ಶುಗರ್‌ಗೆ ಮಾತ್ರೆ ತಗೊಳ್ತೀನಿ ಅಂದರೆ ಡಿಎಲ್ ನವೀಕರಿಸುವುದಿಲ್ಲ ಎಂಬ ಭಯ ಲಾರಿ ಚಾಲಕರಲ್ಲಿದೆ. ಆ ಭಯಕ್ಕೆ ಕಾಯಿಲೆ ಮುಚ್ಚಿಡುವವರಿದ್ದಾರೆ, ಮಾತ್ರೆಯನ್ನೇ ಬಿಡುವವರೂ ಇದ್ದಾರೆ. ಕಾನೂನು ಅಂಥದ್ದೇನನ್ನೂ ಹೇಳುವುದಿಲ್ಲ.

ಸಾರಿಗೆ ವಾಹನದ ಲೈಸೆನ್ಸಿಗೂ ಐದು ವರ್ಷಕ್ಕೊಮ್ಮೆ ಅದರ ನವೀಕರಣಕ್ಕೂ ವೈದ್ಯರು ಸಹಿ ಮಾಡಿದ ಫಾರಂ 1ಎ ಬೇಕು. ಚಾಲನೆಗೆ ಅಡ್ಡಿಯಾಗುವಂಥ ದೋಷಗಳಿವೆಯೇ ಎಂದು ಅದು ವಿಚಾರಿಸುತ್ತದೆ. ದಿನವೂ ಯಾವ ಮಾತ್ರೆ ನುಂಗುತ್ತೀರಿ ಎಂದು ಕೇಳುವುದಿಲ್ಲ. ಲೈಸೆನ್ಸಿಗೆ ಅಡ್ಡ ಬರುವುದು ವಾಹನ ಓಡಿಸಿದರೆ ಅಪಾಯ ತರುವಂಥ ಕಾಯಿಲೆ. ವ್ಯಾಲ್ಪ್ರೊಯೇಟ್ ಮಾತ್ರೆಯನ್ನೇ ನೋಡಿ. ಅದನ್ನು ಫಿಟ್ಸಿಗೂ ಕೊಡುತ್ತಾರೆ, ಮೈಗ್ರೇನಿಗೂ ಕೊಡುತ್ತಾರೆ. ಫಿಟ್ಸ್ ಇದ್ದವರಿಗೆ ಲೈಸೆನ್ಸ್ ಕಷ್ಟ. ಮೈಗ್ರೇನ್ ಇದ್ದವರಿಗೆ ಮಂಪರು, ತಲೆಸುತ್ತು ಬರುತ್ತಿದೆಯೇ ಎಂಬುದೇ ಪ್ರಶ್ನೆ.

ಅಮೆರಿಕದಲ್ಲಿ ತಪಾಸಣೆಯ ಫಾರಂನಲ್ಲೇ ಚಾಲಕರು ತಮ್ಮ ಔಷಧಿಗಳನ್ನು ಬರೆಯಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ವಿಶೇಷ ವಿನಾಯಿತಿ ಪಡೆಯದೆ ರಾಜ್ಯದಿಂದ ರಾಜ್ಯಕ್ಕೆ ಲಾರಿ ಓಡಿಸುವಂತಿಲ್ಲ ಎಂಬ ನಿಯಮ ಅಲ್ಲಿತ್ತು. 2018ರಲ್ಲಿ ಅದನ್ನು ಬದಲಿಸಿ, ಸಕ್ಕರೆ ಹತೋಟಿಯಲ್ಲಿದೆ ಎಂದು ಚಿಕಿತ್ಸೆ ಕೊಡುವ ವೈದ್ಯರು ಬರೆದುಕೊಟ್ಟರೆ ತಪಾಸಣೆಯ ನಂತರ ಅನುಮತಿ ಕೊಡುವ ವ್ಯವಸ್ಥೆ ತಂದರು. ಕೇಳಿ ತಿಳಿದು ತೀರ್ಮಾನಿಸುವ ಇಂಥ ಕ್ರಮ ನಮ್ಮಲ್ಲೂ ಬರಬೇಕು.

ಲೈಸೆನ್ಸ್ ಕೈಗೆ ಬಂದ ಮೇಲೂ ಮಾತ್ರೆಯ ವಿಚಾರ ಮುಗಿಯುವುದಿಲ್ಲ. ಹತೋಟಿ ತಪ್ಪುವಷ್ಟು ಔಷಧಿಯ ಅಮಲಿನಲ್ಲಿ ವಾಹನ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೇ ಆರು ತಿಂಗಳವರೆಗೆ ಜೈಲು, 10,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ವೈದ್ಯರ ಚೀಟಿ ಇದ್ದವರಿಗೆ ವಿನಾಯಿತಿ ಎಂದು ಅದರಲ್ಲಿ ಬರೆದಿಲ್ಲ.

ಸಕಲೇಶಪುರದ ಮೆಡಿಕಲ್ ಶಾಪಿನಲ್ಲಿ ನೆಗಡಿಗೆಂದು ಎರಡು ಮಾತ್ರೆ ಕೊಂಡು, ರಾತ್ರಿ ಲೋಡ್ ಸಮೇತ ಶಿರಾಡಿ ಘಾಟಿ ಇಳಿಯುವ ಚಾಲಕನನ್ನು ನೆನೆದುಕೊಳ್ಳಿ. ಎಷ್ಟೋ ನೆಗಡಿ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಾಮೈನ್ ನಿದ್ದೆ ತರಿಸುತ್ತದೆ. ಅಲರ್ಜಿಯ ಸೀನಿಗಾದರೆ ಮಂಪರು ಕಡಿಮೆ ಇರುವ ಫೆಕ್ಸೊಫೆನಡಿನ್ ಇದೆ, ಆದರೆ ಕೇಳಿದರೆ ತಾನೇ ಕೊಡುವುದು! ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್‌ನದು ಬೇರೆ ಸಮಸ್ಯೆ. ಮಾತ್ರೆ ನುಂಗಿ, ಅನ್‌ಲೋಡಿಂಗ್ ಸರದಿಯಲ್ಲಿ ಊಟ ತಪ್ಪಿದರೆ ಸಕ್ಕರೆ ಇಳಿದು ಬೆವರು, ನಡುಕ, ಕೊನೆಗೆ ಕಣ್ಣು ಕತ್ತಲೆ.

ಚಾಲಕರೇ, ಯಾವ ವೈದ್ಯರ ಬಳಿ ಹೋದರೂ ‘ನಾನು ಲಾರಿ ಓಡಿಸ್ತೀನಿ, ರಾತ್ರಿ ಡ್ಯೂಟಿ ಇದೆ’ ಎಂದು ಮೊದಲೇ ಹೇಳಿ. ಹೊಸ ಮಾತ್ರೆ ಶುರು ಮಾಡಿದಾಗ ಅದು ಮೈಗೆ ಹೇಗೆ ಹಿಡಿಯುತ್ತದೆಂದು ತಿಳಿಯುವವರೆಗೆ ಸ್ಟೇರಿಂಗ್ ಹಿಡಿಯಬೇಡಿ. ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.